ತುರ್ತು: ಹಸು ‘ಲೆಟ್ ಡೌನ್’ ಮಾಡುವುದಕ್ಕೆ ಕನ್ನಡದಲ್ಲಿ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಮನೆಮಟ್ಟಿಗೆ ಒಂದು ಹಸು ಸಾಕುವವರಿಗೆ ಕೈಯಲ್ಲಿ ಹಾಲು ಕರೆಯುವುದನ್ನು ಕಲಿಸುವ ಪುಟ್ಟ ಕೈಪಿಡಿಯ ಅನುವಾದ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಕೊಡಬೇಕು. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ಮುಖಪುಟ. ‘ಹಸುವನ್ನು ಕರೆಯಲು ಕಲಿಯಿರಿ’ ಅಂತ ಬರೆದಿದ್ದೆ. ಮಗಳು ಓದಿ, “ಕರೆಯೋದು ಏನು ಕಲಿಯೋದು, ಬಾ ಅಂದ್ರೆ ಆಯ್ತಲ್ವಾ?” ಅಂದಳು. ‘ಹಸು ಹಿಂಡು’ ಅಂದರೆ ದನಗಳ ಗುಂಪು ಕಣ್ಣಿಗೆ ಬರುತ್ತದೆ.

ಇನ್ನೊಂದು ಈ ಲೆಟ್ ಡೌನ್. ಕೆಚ್ಚಲು ತೊಳೆದು ಉಜ್ಜಿದ ಮೇಲೆ ನಿಮಿಷದ ಆಸುಪಾಸಿನಲ್ಲಿ ಹಸು ತಾನಾಗಿ ಹಾಲು ಬಿಡುತ್ತದಲ್ಲ, ಅದು. ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದೇ ಪದ ಬೇಕು. ದಯವಿಟ್ಟು ಇವತ್ತೇ ಹೇಳಿ.

ಮರು: ತುರ್ತು

‘ದುಗ್ಧಸ್ರಾವ’ ಹಾಕಿ, ಮುಗಿಯಿತು. ಮುಖಪುಟಕ್ಕೆ ‘ಗೋದೋಹನ’. ಅಂದಹಾಗೆ ಸಂಸ್ಕೃತದಲ್ಲಿ ಮಗಳಿಗೆ ‘ದುಹಿತೃ’ ಎನ್ನುವುದು ಇದೇ ‘ದುಹ್’ (ಹಾಲು ಕರೆ) ಧಾತುವಿನಿಂದ ಅಂತ ನಿರುಕ್ತ ಬರೆದ ಯಾಸ್ಕನೇ ಹೇಳಿದ್ದಾನೆ. ನಿಮ್ಮ ಮಗಳಿಗೂ ಹೇಳಿ, ಖುಷಿಪಡುತ್ತಾಳೆ.

ಮರು: ತುರ್ತು

ಯಾಸ್ಕ ಅದೇ ಜಾಗದಲ್ಲಿ ‘ದೂರದಲ್ಲಿದ್ದರೆ ಹಿತ’ ಅಂತಲೂ ಮಗಳಿಗೆ ಅರ್ಥ ಹೇಳಿದ್ದಾನೆ. ಅದನ್ನೂ ಹೇಳಬೇಕಾ? ಸ್ರಾವ ಅಂದರೆ ರಕ್ತಸ್ರಾವ. ಓದಿದವರು ಪಶುವೈದ್ಯರಿಗೆ ಫೋನ್ ಮಾಡುತ್ತಾರೆ.

ಮರು: ಱ ಮತ್ತು ರ

ಮಗಳ ಪ್ರಶ್ನೆಯೇ ಇಲ್ಲಿ ಮುಖ್ಯ, ಉಳಿದದ್ದು ಹರಟೆ. ಕೂಗುವ ಕರೆ ಬೇರೆ, ಹಾಲಿನ ಕಱೆ ಬೇರೆ. ಎರಡನೆಯದರಲ್ಲಿ ಇದ್ದದ್ದು ಱಕಾರ, ಈಗ ಬಳಕೆ ತಪ್ಪಿದ ಹಳಗನ್ನಡದ ಅಕ್ಷರ. ತಮಿಳಿನಲ್ಲಿ ಇವತ್ತಿಗೂ ‘ಕಱ’ ಅಂತಲೇ ಬರೆಯುತ್ತಾರೆ. ‘ಮಳೆಗರೆ’ ಅನ್ನುತ್ತೇವಲ್ಲ, ಅಲ್ಲಿರುವುದೂ ಇದೇ ಕಱೆ. ಮಳೆಯನ್ನು ಯಾರೂ ಬಾ ಅಂತ ಕೂಗುತ್ತಿಲ್ಲ, ಮೋಡ ಸುರಿಸುತ್ತಿದೆ. ಕಿಟ್ಟೆಲ್ 1894ರ ನಿಘಂಟಿನಲ್ಲಿ ಎರಡನ್ನೂ ಬೇರೆ ಬೇರೆ ಇಟ್ಟಿದ್ದಾರೆ. ಅಕ್ಷರ ಕಳೆದುಕೊಂಡವರು ನಾವು, ಈಗ ಮುಖಪುಟದಲ್ಲಿ ಒದ್ದಾಡುತ್ತಿದ್ದೇವೆ.

ಮರು: ಱ ಮತ್ತು ರ

ತಿಳಿಯಿತು ಸರ್, ಚೆನ್ನಾಗಿದೆ. ನನ್ನ ಲೆಟ್ ಡೌನ್?

ಮರು: ತುರ್ತು

ನಾನು ನಿಘಂಟಿನವಳಲ್ಲ, ದಿನಾ ಎರಡು ಹೊತ್ತು ಕರೆಯುವವಳು. ನಾವು ಅನ್ನುವುದು ‘ಸೊರೆ ಬಿಡು’. ಕೆಲವರ ಬಾಯಲ್ಲಿ ‘ತೊರೆ ಬಿಡು’. ಕರು ಕೆಚ್ಚಲಿಗೆ ನಾಲ್ಕು ಸಲ ಗುದ್ದಿದರೆ ಹಸು ಸೊರೆ ಬಿಡುತ್ತದೆ. ಮೊಲೆಗಳು ತುಂಬಿ ಬಿಗಿಯಾಗುತ್ತವೆ, ಕೈಗೇ ಗೊತ್ತಾಗುತ್ತದೆ. ಅದಕ್ಕೆ ಮುಂಚೆ ಕೂತರೆ ಸ್ವಲ್ಪವೇ ಬರುವುದು. ಸೊರೆ ಬಿಟ್ಟ ಮೇಲೆ ಐದಾರು ನಿಮಿಷದಲ್ಲಿ ಮುಗಿಸಬೇಕು, ನಡುವೆ ಎದ್ದು ಹೋಗಬಾರದು. ಹೊಸ ಕೈ ಕಂಡು ಹೆದರಿದರೆ ಹಾಲು ಬಿಡದೆ ಏರಿಸಿಕೊಂಡುಬಿಡುತ್ತದೆ. ನಿಮ್ಮ ಪುಸ್ತಕದಲ್ಲಿ ಈ ‘ಏರಿಸಿಕೊಳ್ಳು’ ಕೂಡ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

ಇನ್ನೊಂದು ಮಾತು. ಎಲ್ಲಾದರೂ ‘ಮೊಲೆ ಎಳೆಯಿರಿ’ ಅಂತ ಬರೆದಿದ್ದರೆ ಈಗಲೇ ತೆಗೆಯಿರಿ. ಕಲಿಯುವವರು ಸುಮ್ನೆ ಜಗ್ಗುತ್ತಾರೆ, ಹಸು ಒದೆಯುತ್ತದೆ. ಮಾಡಬೇಕಾದ್ದು ಹಿಂಡುವುದು. ಹೆಬ್ಬೆರಳು, ತೋರುಬೆರಳಿನಲ್ಲಿ ಮೊಲೆಯ ಬುಡ ಬಿಗಿಹಿಡಿದು, ಉಳಿದ ಬೆರಳುಗಳನ್ನು ಮೇಲಿಂದ ಕೆಳಗೆ ಒಂದೊಂದಾಗಿ ಮಡಚುವುದು. ಆಮೇಲೆ ಹಿಡಿತ ಸಡಿಲಿಸಿದರೆ ಮೊಲೆಗೆ ಮತ್ತೆ ಹಾಲು ತುಂಬಿಕೊಳ್ಳುತ್ತದೆ. ಇಡೀ ಕೆಲಸಕ್ಕೆ ‘ಕರೆ’, ಬೆರಳಿನ ಕೆಲಸಕ್ಕೆ ‘ಹಿಂಡು’. ಎರಡೂ ಇಟ್ಟುಕೊಳ್ಳಿ, ಜಗಳ ಯಾಕೆ?

ಮರು: ತೊರೆ ಬಿಡು

ಆಹಾ! ತೊರೆ ಅಂದರೆ ಹೊಳೆ. ಕೆಚ್ಚಲಿನಿಂದ ಹೊಳೆ ಬಿಡುವುದು! ಎಂಥ ರೂಪಕ!

ಮರು: ತೊರೆ ಬಿಡು

ಅಲ್ಲ. ಹೊಳೆಯ ತೊಱೆಯಲ್ಲೂ ಱಕಾರ, ತಮಿಳಿನ ‘ತುಱೈ’ ನೋಡಿ. ಹಾಲಿನ ಸೊರೆ, ತೊರೆಗೆ ನಂಟು ತಮಿಳಿನ ‘ಸುರ’ (ಒಸರು). ಅಲ್ಲಿ ಬರೀ ರ. ಬೇರೆಯೇ ಬೇರು. ರೂಪಕ ಗೀಪಕ ಏನಿಲ್ಲ.

ಮರು: ಎರವಲು ಯಾಕೆ?

ನೋಡಿ, ಸೊರೆಯಂಥ ಪದ ಕೊಟ್ಟಿಗೆಯಲ್ಲೇ ಬಿದ್ದಿತ್ತು, ನಾವು ದುಗ್ಧ, ದೋಹನ ಅಂತ ಅಲೆಯುತ್ತಿದ್ದೆವು. ಕೆಚ್ಚಲು, ಗಿಣ್ಣು, ಕರಾವು, ಯಾವುದಕ್ಕೆ ಕೊರತೆ? ಆ ಕೈಪಿಡಿಯಲ್ಲಿ ಒಂದೇ ಒಂದು ಎರವಲು ಪದ ಇರಬಾರದು. ‘ಹಸು’ವಿನ ಪುಸ್ತಕ ಅಚ್ಚ ಕನ್ನಡದಲ್ಲೇ ಬರಲಿ.

ಮರು: ಎರವಲು ಯಾಕೆ?

ಹಸು ಬಂದದ್ದು ‘ಪಶು’ವಿನಿಂದ ಸ್ವಾಮಿ. ಪಶು, ಪಸು, ಹಸು. ಅಚ್ಚ ಕನ್ನಡವೇ ಬೇಕಿದ್ದರೆ ‘ಆಕಳು’ ಅನ್ನಿ, ಆಮೇಲೆ ಉಪದೇಶ ಮಾಡಿ.

ಮರು: ಎರವಲು ಯಾಕೆ?

ತದ್ಭವಕ್ಕೂ ತತ್ಸಮಕ್ಕೂ ವ್ಯತ್ಯಾಸ ಗೊತ್ತಿಲ್ಲದವರ ಜೊತೆ ವಾದ ಮಾಡುವುದಿಲ್ಲ. ‘ಹ’ ಆಗಿ ನಮ್ಮ ಬಾಯಿಗೆ ಒಗ್ಗಿದ ಮೇಲೆ ಅದು ನಮ್ಮದೇ.

ಮರು: ಎರವಲು ಯಾಕೆ?

ಹಾಗಾದರೆ ‘ಡೈರಿ’ಯೂ ಬಾಯಿಗೆ ಒಗ್ಗಿದೆ. ಎಷ್ಟು ವರ್ಷ ಒಗ್ಗಿದರೆ ನಮ್ಮದು? ಸೊರೆ ಬಿಡಿಸುವ ಹಾರ್ಮೋನು ಆಕ್ಸಿಟೋಸಿನ್ನಿಗೆ ಏನು ಹಾಕುತ್ತೀರಿ, ‘ಸೊರೆನೀರು’ ಅಂತಲಾ?

ಮರು: ಎರವಲು ಯಾಕೆ?

ಕೆಟ್ಟದ್ದೇನಿಲ್ಲ.

ಮರು: ತುರ್ತು

ಅಚ್ಚಿಗೆ ಕಳಿಸಿದೆ. ಮುಖಪುಟ ‘ಕೈಯಲ್ಲಿ ಹಾಲು ಕರೆಯಲು ಕಲಿಯಿರಿ’. ಹಾಲನ್ನು ಯಾರೂ ಕೂಗಿ ಕರೆಯುವುದಿಲ್ಲ, ಮಗಳೂ ಒಪ್ಪಿದಳು. ಒಳಗೆಲ್ಲ ‘ಸೊರೆ ಬಿಡು’. ‘ಎಳೆಯಿರಿ’ ಅಂತ ಏಳು ಕಡೆ ಬರೆದಿದ್ದೆ, ಎಲ್ಲ ‘ಹಿಂಡಿ’ ಆಯಿತು. ಆ ಅಕ್ಕನಿಗೆ ದೊಡ್ಡ ನಮಸ್ಕಾರ. ಆಕ್ಸಿಟೋಸಿನ್ ಹಾಗೆಯೇ ಇದೆ, ಕ್ಷಮಿಸಿ.

ಮರು: ತುರ್ತು

ಮುಖಪುಟದಲ್ಲಾದರೂ ಱ ಹಾಕಬಹುದಿತ್ತು.