ಸ್ಟೀಲ್ ತಗಡಿನ ಹಿಂದೆ ಇಂಡಕ್ಟಿವ್ ಬಟನ್: ಬೋರ್ಡ್ ಮಾತೇ ಆಡ್ತಿಲ್ಲ

ಪ್ರಶ್ನೆ: ಮೇಡಂ, ನಾನು ಹೋಟೆಲ್‌ಗಳ ವೆಟ್ ಗ್ರೈಂಡರ್‌ಗೆ ಕಂಟ್ರೋಲ್ ಬಾಕ್ಸ್ ಮಾಡಿಕೊಡುತ್ತೇನೆ. ಮೊದಲು ಕೆಪ್ಯಾಸಿಟಿವ್ ಟಚ್ (ಫೋನ್ ಸ್ಕ್ರೀನ್ ಥರ ಬೆರಳಿನ ಸ್ಪರ್ಶ ಗುರುತಿಸೋದು) ಹಾಕಿದ್ದೆ. ಪ್ಯಾನಲ್ ಮೇಲೆ ನೀರು ಚೆಲ್ಲಿದರೆ ಸಾಕು, ಯಾರೂ ಮುಟ್ಟದೇನೇ ಗ್ರೈಂಡರ್ ತಿರುಗೋದು. ಅದಕ್ಕೆ ಈಗ ಎಲ್‌ಡಿಸಿ1614 ಚಿಪ್ ಇರುವ ನಾಲ್ಕು ಬಟನ್‌ನ ಇಂಡಕ್ಟಿವ್ ಬೋರ್ಡ್, ಅಂದರೆ ಕಾಯಿಲ್‌ನಿಂದ ಲೋಹವನ್ನು ಗುರುತಿಸೋದು, ತಂದೆ. ಅದರಲ್ಲೇ 40 ಮೆಗಾಹರ್ಟ್ಸ್ ಆಸಿಲೇಟರ್ ಇದೆ. ಎಸ್‌ಟಿಎಂ32 ಮೈಕ್ರೋಕಂಟ್ರೋಲರ್‌ಗೆ ಐ2ಸಿ (ಎರಡು ತಂತಿಯ ಡೇಟಾ ಸಂಪರ್ಕ) ಮೂಲಕ ಜೋಡಿಸಿದೆ. ಡೇಟಾಶೀಟ್‌ನಲ್ಲಿ ಚಿಪ್‌ನ ವಿಳಾಸ ಹೆಕ್ಸ್ (16ರ ಆಧಾರದ ಸಂಖ್ಯೆ) 2ಎ ಅಂತಿದೆ. ಅದನ್ನೇ ಕೊಟ್ಟರೂ ಉತ್ತರವೇ ಬರಲ್ಲ. ಬೋರ್ಡ್ ಸತ್ತಿದೆಯಾ?

ಉತ್ತರ: ಸತ್ತಿರಲಿಕ್ಕಿಲ್ಲ, ಇನ್ನೊಂದು ಕೊಳ್ಳಲು ಓಡಬೇಡಿ. ಎಸ್‌ಟಿಎಂ32ರ ಹಾಲ್ (ತಯಾರಕರೇ ಕೊಡುವ ಸಿದ್ಧ ಕೋಡ್) ಲೈಬ್ರರಿಗೆ ವಿಳಾಸವನ್ನು ಒಂದು ಬಿಟ್ ಎಡಕ್ಕೆ ಸರಿಸಿ ಕೊಡಬೇಕು. ಅಂದರೆ 2ಎ ಅಲ್ಲ, ಹೆಕ್ಸ್ 54. ಆರ್ಡುಯಿನೋದಲ್ಲಿ 2ಎ ಹಾಗೇ ನಡೆಯುತ್ತದೆ, ಅಲ್ಲಿಂದ ಬಂದವರೆಲ್ಲ ಇಲ್ಲಿ ಒಮ್ಮೆ ಎಡವುತ್ತಾರೆ. ನಾನೂ ಎಡವಿದ್ದೇನೆ.

ಹಾಗೂ ಬರದಿದ್ದರೆ ಮೀಟರ್ ಹಿಡಿದು ನೋಡಿ. ಚಿಪ್‌ಗೆ 3.3 ವೋಲ್ಟ್ ಹೋಗಬೇಕು, 5 ಕೊಟ್ಟರೆ ನಿಜವಾಗಿಯೂ ಸಾಯಬಹುದು. ಎಸ್‌ಡಿ (ಶಟ್‌ಡೌನ್) ಪಿನ್ ಲೋ ಇರಬೇಕು. ಅಡ್ರೆಸ್ ಪಿನ್ ಹೈ ಇದ್ದರೆ ವಿಳಾಸ 2ಬಿ ಆಗಿರುತ್ತದೆ. ಎರಡೂ ಐ2ಸಿ ಲೈನ್‌ಗೆ ಪುಲ್‌ಅಪ್ (ಲೈನನ್ನು 3.3 ವೋಲ್ಟ್‌ಗೆ ಎಳೆದಿಡುವ ರೆಸಿಸ್ಟರ್) ಇದೆಯಾ ನೋಡಿ, ಇಲ್ಲದಿದ್ದರೆ 4.7 ಕಿಲೋಓಮ್ ಹಾಕಿ. ಆಮೇಲೆ ಚಿಪ್‌ನೊಳಗಿನ 7ಇ ರಿಜಿಸ್ಟರ್ (ಸಂಖ್ಯೆ ಇಡುವ ಖಾನೆ) ಓದಿ, ಏನು ಬಂತು ಹೇಳಿ.

ಪ್ರಶ್ನೆ: 54 ಕೊಟ್ಟ ತಕ್ಷಣ ಮಾತಾಡಿತು ಮೇಡಂ! 7ಇಯಲ್ಲಿ 4954 ಬಂತು. ಆದರೆ ಡೇಟಾ ರಿಜಿಸ್ಟರ್ ಎಲ್ಲಾ ಸೊನ್ನೆ.

ಉತ್ತರ: ಅಲ್ಲಿ ಬರಬೇಕಾದದ್ದು 5449. ರಿಜಿಸ್ಟರ್ ಸಂಖ್ಯೆಗಳೆಲ್ಲ ಹೆಕ್ಸ್‌ನಲ್ಲೇ. ಟಿ ಮತ್ತು ಐ ಅಕ್ಷರಗಳ ಆಸ್ಕಿ (ಅಕ್ಷರಕ್ಕೊಂದು ಸಂಖ್ಯೆ ಕೊಡುವ ಪಟ್ಟಿ) ಸಂಖ್ಯೆ ಅದು, ತಯಾರಕರಾದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಹಿ. ನಿಮಗೆ ತಿರುಗಾಮುರುಗಾ ಬಂದಿದೆ. ಚಿಪ್ ದೊಡ್ಡ ಬೈಟ್ ಮೊದಲು ಕಳಿಸುತ್ತದೆ, ನೀವು ನೇರವಾಗಿ 16 ಬಿಟ್ ವೇರಿಯಬಲ್‌ಗೆ ಸುರಿದುಕೊಂಡಿದ್ದೀರಿ. ಎರಡು ಬೈಟ್‌ನ ಅರೇಗೆ ಓದಿ, ಮೊದಲನೆಯದನ್ನು 8 ಬಿಟ್ ಸರಿಸಿ ಕೂಡಿಸಿ. ಬರೆಯುವಾಗಲೂ ಇದೇ ಕ್ರಮ. ಇಲ್ಲದಿದ್ದರೆ ನಿಮ್ಮ ಸೆಟಿಂಗ್ ಎಲ್ಲಾ ಉಲ್ಟಾ ಹೋಗಿರುತ್ತದೆ.

ಸೊನ್ನೆ ಬರೋದು ಸಹಜ. ಈ ಚಿಪ್ ಪವರ್ ಕೊಟ್ಟಾಗ ನಿದ್ದೆಯಲ್ಲೇ ಇರುತ್ತದೆ. ನಿದ್ದೆಯಲ್ಲಿರುವಾಗಲೇ ಉಳಿದ ಸೆಟಿಂಗ್ ಬರೆದು ಮುಗಿಸಿ. ನಾಲ್ಕೂ ಚಾನೆಲ್‌ನ (ಒಂದೊಂದು ಬಟನ್‌ನ ಕಾಯಿಲ್‌ಗೆ ಒಂದೊಂದು) ಕ್ಲಾಕ್ ಡಿವೈಡರ್ ಮೊದಲಿಗೆ 0 ಇರುತ್ತದೆ, ಅದನ್ನು 1001 ಮಾಡಿ. ನಾಲ್ಕನ್ನೂ ಸರದಿಯಲ್ಲಿ ಓದಲು ಮಕ್ಸ್ (ಚಾನೆಲ್ ಬದಲಾಯಿಸುವ) ರಿಜಿಸ್ಟರ್‌ಗೆ ಸಿ20ಡಿ ಬರೆಯಿರಿ. ಕಾನ್ಫಿಗ್ ರಿಜಿಸ್ಟರ್ 1ಎ ಮಾತ್ರ ಕೊನೆಗೆ. ಅದರ 13ನೇ ಬಿಟ್ ತೆಗೆದರೆ ಚಿಪ್ ಎಚ್ಚರಗೊಳ್ಳುತ್ತದೆ, 9ನೇ ಬಿಟ್ ಹಾಕಿದರೆ ಚಿಪ್‌ನ ಹೊರಗಿನ, ಅಂದರೆ ನಿಮ್ಮ ಬೋರ್ಡ್‌ನ ಆಸಿಲೇಟರ್ ಬಳಕೆ.

ಡೇಟಾ 28 ಬಿಟ್. ಎಂಎಸ್‌ಬಿ (ಮೇಲಿನ ಭಾಗದ ರಿಜಿಸ್ಟರ್) ಮೊದಲು ಓದಿ, ಆಮೇಲೆ ಎಲ್‌ಎಸ್‌ಬಿ (ಕೆಳಗಿನ ಭಾಗ). ಎಂಎಸ್‌ಬಿಯ ಮೇಲಿನ 4 ಬಿಟ್ ಎರರ್ ಫ್ಲ್ಯಾಗ್, ಅದನ್ನು ಸೇರಿಸಿಕೊಂಡರೆ ಸಂಖ್ಯೆ ಹುಚ್ಚುಚ್ಚಾಗಿ ಬರುತ್ತದೆ. ಕಾಯಿಲ್ 3 ಮೆಗಾಹರ್ಟ್ಸ್‌ನಲ್ಲಿದ್ದರೆ ಸುಮಾರು 2 ಕೋಟಿ ಬರಬೇಕು.

ಪ್ರಶ್ನೆ: ಈಗ ಸಂಖ್ಯೆ ಬರ್ತಿದೆ. ಆದರೆ ಎರಡು ತೊಂದರೆ. ಬಟನ್ ನಿಧಾನ. ಮತ್ತೆ 1 ಮಿ.ಮೀ. ದಪ್ಪದ 304 ಸ್ಟೀಲ್ ತಗಡು ಹಾಕಿ ಒತ್ತಿದರೆ ಸಂಖ್ಯೆ ಅಲುಗಾಡೋದೇ ಇಲ್ಲ. ಆರ್‌ಕೌಂಟ್ (ಒಂದು ಅಳತೆ ಎಷ್ಟು ಹೊತ್ತು ಅನ್ನೋ ಸೆಟಿಂಗ್) ಹೆಕ್ಸ್ ಎಫ್‌ಎಫ್‌ಎಫ್‌ಎಫ್, ಅಂದರೆ 65,535 ಇಟ್ಟಿದ್ದೇನೆ. ಫಿಲ್ಟರ್ ಕೋಡ್ ಬದಲಾಯಿಸಲಾ?

ಉತ್ತರ: ನಿಧಾನಕ್ಕೆ ಕಾರಣ ನೀವೇ ಹೇಳಿಬಿಟ್ಟಿರಿ. ಆರ್‌ಕೌಂಟ್ ಅನ್ನು 16ರಿಂದ ಗುಣಿಸಿ 40 ಮೆಗಾಹರ್ಟ್ಸ್‌ನಿಂದ ಭಾಗಿಸಿ. ಒಂದು ಚಾನೆಲ್‌ಗೆ 26 ಮಿಲಿಸೆಕೆಂಡ್, ನಾಲ್ಕಕ್ಕೆ 100ಕ್ಕಿಂತ ಜಾಸ್ತಿ. ಹೆಕ್ಸ್ 1000 ಇಡಿ, ಒಂದಕ್ಕೆ 1.6 ಮಿಲಿಸೆಕೆಂಡ್ ಸಾಕಾಗುತ್ತದೆ.

ಎರಡನೆಯದಕ್ಕೆ ಕೋಡ್ ಮುಟ್ಟಬೇಡಿ. ಇಲ್ಲಿ ಬಟನ್ ಅಂದರೆ ತಗಡು, ಬೋರ್ಡ್ ಅಲ್ಲ. ಬೆರಳು ಒತ್ತಿದಾಗ ತಗಡು ಕೆಲವು ಮೈಕ್ರಾನ್ ಬಾಗಿ ಕಾಯಿಲ್‌ಗೆ ಹತ್ತಿರ ಬರುತ್ತದೆ. ಎಡ್ಡಿ ಕರೆಂಟ್ (ಕಾಯಿಲ್‌ನ ಕಾಂತಕ್ಷೇತ್ರದಿಂದ ಲೋಹದಲ್ಲಿ ಹುಟ್ಟುವ ಸುಳಿ ವಿದ್ಯುತ್) ಜಾಸ್ತಿಯಾಗಿ ಕಾಯಿಲ್‌ನ ಇಂಡಕ್ಟೆನ್ಸ್ ಇಳಿಯುತ್ತದೆ, ಫ್ರೀಕ್ವೆನ್ಸಿ ಏರುತ್ತದೆ. ನೀರಿಗೆ ಈ ಬಟನ್ ಹೆದರದಿರೋದು ಇದಕ್ಕೇ, ನೀರು ಬಿದ್ದರೆ ತಗಡು ಬಾಗಲ್ಲ. ಬಾಗದಿದ್ದರೆ ಏನೂ ಇಲ್ಲ. ಸ್ಟೀಲ್ ಅಲ್ಯೂಮಿನಿಯಂಗಿಂತ ಮೂರು ಪಟ್ಟಿನಷ್ಟು ಬಿಗಿ. ದಪ್ಪ ಅರ್ಧ ಮಾಡಿದರೆ ಎಂಟು ಪಟ್ಟು ಬಾಗುತ್ತದೆ, ಅದಕ್ಕೆ 0.5 ಮಿ.ಮೀ. ತಗಡು ತನ್ನಿ.

ಇನ್ನೊಂದು. 304 ಸ್ಟೀಲ್‌ನ ವಿದ್ಯುತ್ ತಡೆ ತಾಮ್ರದ ಸುಮಾರು 40 ಪಟ್ಟು, ಎಡ್ಡಿ ಕರೆಂಟ್ ಅಲ್ಲಿ ಸರಿಯಾಗಿ ಹರಿಯಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ತಾಮ್ರದ ಟೇಪ್ ಸಿಗುತ್ತೆ. ಕಾಯಿಲ್ ಎದುರಿಗೆ ತಗಡಿನ ಒಳಮೈಗೆ ಗುಳ್ಳೆ ಬಾರದ ಹಾಗೆ ಅಂಟಿಸಿ. ಟೇಪ್‌ಗೂ ಕಾಯಿಲ್‌ಗೂ ನಡುವೆ 0.2 ಮಿ.ಮೀ. ಸಂದು ಬಿಡಿ, ಪ್ರತಿ ಬಟನ್ ಸುತ್ತ ಸ್ಪೇಸರ್ ಇರಲಿ. ಇಲ್ಲದಿದ್ದರೆ ಒಂದು ಒತ್ತಿದರೆ ಪಕ್ಕದ್ದೂ ಅಲುಗುತ್ತದೆ.

ಇನ್ನೊಬ್ಬ ಸದಸ್ಯರು: ನಡುವೆ ಬಾಯಿ ಹಾಕ್ತೀನಿ ಮೇಡಂ. ನನ್ನದು ಬೆಳಗ್ಗೆ ಸರಿ ಇರುತ್ತದೆ, ಒಲೆ ಹಚ್ಚಿ ಅಡುಗೆಮನೆ ಕಾದ ಮೇಲೆ ಒತ್ತದೆಯೂ ಒತ್ತಿದ ಹಾಗೆ ತೋರಿಸುತ್ತೆ.

ಉತ್ತರ: ಬೂಟ್ ಆದಾಗ ಒಮ್ಮೆ ಬೇಸ್‌ಲೈನ್ (ಒತ್ತದಿದ್ದಾಗಿನ ಸಂಖ್ಯೆ) ತೆಗೆದುಕೊಂಡು ಬಿಟ್ಟಿದ್ದೀರಿ ಅನ್ಸುತ್ತೆ. ಬಿಸಿಗೆ ಎಲ್ಲವೂ ನಿಧಾನಕ್ಕೆ ಜಾರುತ್ತದೆ. ಬೇಸ್‌ಲೈನ್ ಕೂಡ ನಿಧಾನಕ್ಕೆ ಹಿಂಬಾಲಿಸಲಿ: ಪ್ರತಿ ಓದಿಗೆ ವ್ಯತ್ಯಾಸದ 256ರಲ್ಲಿ ಒಂದು ಪಾಲು ಸೇರಿಸಿ. ಒತ್ತಿರುವಾಗ ಮಾತ್ರ ನಿಲ್ಲಿಸಿ, ಇಲ್ಲದಿದ್ದರೆ ಉದ್ದ ಒತ್ತಿದ ಬೆರಳನ್ನೇ ಬೇಸ್‌ಲೈನ್ ನುಂಗಿಬಿಡುತ್ತದೆ. ಆನ್ ಮಿತಿಗಿಂತ ಆಫ್ ಮಿತಿ ಕೆಳಗಿರಲಿ.

ಗ್ರೈಂಡರ್‌ನವರಿಗೆ ಒಂದು ಮಾತು. ಸ್ಟಾಪ್ ಅನ್ನು ಈ ಟಚ್ ಮೇಲೆ ಬಿಡಬೇಡಿ. ಕಾಂಟ್ಯಾಕ್ಟರ್ (ಮೋಟಾರ್‌ಗೆ ಕರೆಂಟ್ ಕೊಡುವ ದೊಡ್ಡ ರಿಲೇ) ಕಾಯಿಲ್‌ನ ಲೈನ್ ಕತ್ತರಿಸುವ ಕೆಂಪು ಮಶ್ರೂಮ್ ಸ್ವಿಚ್ ಬೇರೆ ಇರಲೇಬೇಕು.

ಪ್ರಶ್ನೆ: ಅದು ಇದೆ ಮೇಡಂ, ತೆಗೆದಿಲ್ಲ. ತೆಳು ತಗಡು ನಾಳೆ ಬರುತ್ತೆ. ಹಳೇ ತಗಡಿಗೇ ಸುಮ್ನೆ ಟೇಪ್ ಅಂಟಿಸಿ ನೋಡಿದೆ, ಹೆಬ್ಬೆರಳು ಗಟ್ಟಿಯಾಗಿ ಒತ್ತಿದರೆ ಸಂಖ್ಯೆ ಏರ್ತಿದೆ!