ಮಂಗಳೂರಿನ ಸೇಂಟ್ ಆ್ಯನ್ಸ್ ಶಾಲೆ ಬೆಳೆದ ಬಗೆ

ಪ್ರಶ್ನೆ:
ನಮ್ಮ ಅಜ್ಜಿ ಮಂಗಳೂರಿನ ಸೇಂಟ್ ಆ್ಯನ್ಸ್ ಶಾಲೆಯಲ್ಲಿ ಓದಿದವರು. ಅಲ್ಲಿ ಕಲಿತ ಕಾಜಾ, ಕಸೂತಿಗಳ ಬಟ್ಟೆ ತುಂಡುಗಳನ್ನು ಅಂಟಿಸಿದ ಅವರ ಹೊಲಿಗೆ ಪುಸ್ತಕ ಇಂದಿಗೂ ನಮ್ಮ ಕಪಾಟಿನಲ್ಲಿದೆ. ಈ ಶಾಲೆಯನ್ನು ಯಾರು ಆರಂಭಿಸಿದರು, ಸೇಂಟ್ ಆಗ್ನೆಸ್ ಕಾಲೇಜಿಗೂ ಇದಕ್ಕೂ ಏನು ಸಂಬಂಧ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಇದರ ಮೂಲ ಫ್ರಾನ್ಸಿನಲ್ಲಿದೆ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿ, ಮುಂದೆ ಕ್ಯಾಥೊಲಿಕ್ ಸನ್ಯಾಸಿನಿಯಾಗಿ ಕಲ್ಲಿಕೋಟೆಯಲ್ಲಿ ಸೇವೆ ಸಲ್ಲಿಸಿದ್ದ ಮದರ್ ವೆರೋನಿಕಾ ಅವರು 1868ರಲ್ಲಿ ಬಯೋನ್ ಪಟ್ಟಣದಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಎಂಬ ಸನ್ಯಾಸಿನಿಯರ ಸಂಸ್ಥೆಯನ್ನು ಕಟ್ಟಿದರು. ಅಲ್ಲಿ ಸಿದ್ಧರಾದ ಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದಿಳಿದು ಹೆಣ್ಣುಮಕ್ಕಳಿಗೆ ಪಾಠ ಆರಂಭಿಸಿದರು. ವಿಪರ್ಯಾಸವೆಂದರೆ, ಸ್ಥಾಪಕಿ ಮಾತ್ರ ಅವರೊಂದಿಗೆ ಮಂಗಳೂರಿಗೆ ಬರಲಿಲ್ಲ.

ಉತ್ತರ 2:
ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಪ್ರೌಢಶಾಲೆ ಮುಗಿಸಿದ ಹುಡುಗಿಯರು ಪದವಿಗಾಗಿ ದೂರದ ಮದರಾಸಿನತ್ತ ನೋಡಬೇಕಾಗಿದ್ದ ಕಾಲದಲ್ಲಿ, ಇದೇ ಸಂಸ್ಥೆಯ ಭಗಿನಿಯರು 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜನ್ನು ತೆರೆದರು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿದ್ದುದರಿಂದ ಕಾಲೇಜು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ನನ್ನ ಮಟ್ಟಿಗೆ, ಶಾಲೆಗಿಂತ ದೊಡ್ಡ ಹೆಜ್ಜೆ ಇದೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹೊಲಿಗೆ ಪುಸ್ತಕದ ಮೊದಲ ಪುಟದಲ್ಲಿ ಶಾಲೆಯ ಮುದ್ರೆಯಿದೆ; ಚಿತ್ರ ತೆಗೆದು ಇಲ್ಲಿಯೇ ಹಾಕುತ್ತೇನೆ.