ಹೊಸ ಡಬ್ಲ್ಯುಆರ್‌ಎಕ್ಸ್‌ನಲ್ಲಿ ರ‍್ಯಾಲಿ ಎಷ್ಟು ಉಳಿದಿದೆ? ಹಳೆ ಎಸ್‌ಟಿಐ ತೆಗೆಯುವುದಾ, ಹೊಸದಾ?

ಕುಂಬಳೆ_ಗೇರ್

ಎಲ್ಲರಿಗೂ ನಮಸ್ಕಾರ. ಭಾವ ಶಾರ್ಜಾದಲ್ಲಿದ್ದಾನೆ, ತೆಗೆದರೆ ಸುಬಾರುವೇ ಅಂತ ಹಠ. ಈಗ ಅವನ ಮುಂದೆ ಎರಡು ಗಾಡಿ ಉಂಟು. ಒಂದು 2018ರ ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ (ಸುಬಾರುವಿನ ಡಬ್ಲ್ಯುಆರ್‌ಎಕ್ಸ್ ಸೆಡಾನಿನ ಹೆಚ್ಚು ಬಿರುಸಿನ ಮಾದರಿ), ಅಮೆರಿಕನ್ ಸ್ಪೆಕ್, ಅಂದರೆ ಅಮೆರಿಕಕ್ಕೆಂದು ತಯಾರಾದದ್ದು, ಮೀಟರಿನಲ್ಲಿ 57,000 ಮೈಲಿ. ಇನ್ನೊಂದು 2023ರ ಡಬ್ಲ್ಯುಆರ್‌ಎಕ್ಸ್, 2.4 ಲೀಟರ್, ಮ್ಯಾನ್ಯುಯಲ್ ಗೇರು.

ಹೊಸದರಲ್ಲಿ ಹಳೆಯ ರ‍್ಯಾಲಿ ಗುಣ ಎಂತದೂ ಇಲ್ಲ, ಬರೀ ಪ್ಲಾಸ್ಟಿಕ್ ಅಂಟಿಸಿದ್ದಾರೆ ಅಂತ ಅಲ್ಲಿಯ ಸ್ನೇಹಿತರು ಅವನ ತಲೆ ತಿನ್ನುತ್ತಿದ್ದಾರಂತೆ. ಅದು ನಿಜವಾ? ಹಳೆಯದನ್ನು ತೆಗೆಯುವುದಾದರೆ ಎಂತೆಂತ ನೋಡಬೇಕು? ಅಲ್ಲಿ ಬೇಸಗೆಯಲ್ಲಿ 45 ಡಿಗ್ರಿ ದಾಟುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿದು ಹೇಳಿ.

ಬದಿಯಡ್ಕ_4ಜಿ63

ಮೊದಲು ಬೇರಿನ ವಿಷಯ. ಒಂದು ಕಾಲಕ್ಕೆ ರ‍್ಯಾಲಿ ಕಾರಿಗೂ ಅಂಗಡಿ ಕಾರಿಗೂ ಇರುವ ನಂಟು ನಿಯಮಪುಸ್ತಕದಲ್ಲೇ ಇತ್ತು ಮಾರಾಯ್ರೆ. ಗ್ರೂಪ್ ಎ ಅನ್ನುವ ರ‍್ಯಾಲಿ ವರ್ಗದ ಕಾಲದಲ್ಲಿ ನೀವು ರ‍್ಯಾಲಿಯಲ್ಲಿ ಓಡಿಸುವ ಕಾರನ್ನು ಸಾವಿರಗಟ್ಟಲೆ ತಯಾರಿಸಿ ಜನರಿಗೆ ಮಾರಲೇಬೇಕಿತ್ತು. ಮೊದಲು 5,000, ಆಮೇಲೆ 2,500. ರ‍್ಯಾಲಿ ತಂಡಕ್ಕೆ ದೊಡ್ಡ ಇಂಟರ್‌ಕೂಲರ್ ಬೇಕೆಂದರೆ ಅದು ಶೋರೂಮಿನ ಕಾರಿನಲ್ಲೂ ಬರಬೇಕು. 1992ರಲ್ಲಿ ಮಿಟ್ಸುಬಿಷಿಯ ಲ್ಯಾನ್ಸರ್ ಇವೊಲ್ಯೂಷನ್ (ಇವೊ) ಹುಟ್ಟಿದ್ದೇ ಹಾಗೆ. 1996ರ ಇವೊ 4ರಲ್ಲಿ ಎಂಜಿನನ್ನೇ 180 ಡಿಗ್ರಿ ತಿರುಗಿಸಿ ಕೂರಿಸಿದರು, 1998ರ ಇವೊ 5ರಲ್ಲಿ ಚಕ್ರಗಳ ನಡುವಿನ ಅಗಲ ಹೆಚ್ಚಿಸಿ ಬ್ರೆಂಬೊ ಬ್ರೇಕ್ ಕೊಟ್ಟರು. ಆರ್‌ಎಸ್ ಅಂತ ಒಂದು ಮಾದರಿ ಬರುತ್ತಿತ್ತು. ಅದರಲ್ಲಿ ಭಾರ ಹೆಚ್ಚಿಸುವ ಸುಖಸಾಧನ ಒಂದೂ ಇಲ್ಲ, ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಮೆಕ್ಯಾನಿಕಲ್. ತಂಡಗಳು ಅದನ್ನೇ ಕೊಂಡು ರೋಲ್‌ಕೇಜ್ (ಒಳಗಿನ ರಕ್ಷಣಾ ಪಂಜರ) ಕಟ್ಟಿ ಓಡಿಸುತ್ತಿದ್ದವು.

1997ರಲ್ಲಿ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್, ಅಂದರೆ ಡಬ್ಲ್ಯುಆರ್‌ಸಿಗೆ ಹೊಸ ನಿಯಮ ಬಂತು. ಸಾಧಾರಣ ಕಾರಿಗೆ ಟರ್ಬೊ, ಫೋರ್‌ವೀಲ್ ಎಲ್ಲ ಆಮೇಲೆ ಸೇರಿಸಿಕೊಳ್ಳಬಹುದು ಅಂತ ಆಯಿತು. ಸುಬಾರು ಆ ವರ್ಷವೇ ಆ ಕಡೆ ಜಿಗಿಯಿತು. ಮಿಟ್ಸುಬಿಷಿ 2001ರವರೆಗೂ ಗ್ರೂಪ್ ಎ ಬಿಡಲಿಲ್ಲ. ಅವರ ಚಾಲಕ ಟಾಮಿ ಮ್ಯಾಕಿನೆನ್ 1996ರಿಂದ 1999ರವರೆಗೆ ಸಾಲಾಗಿ ನಾಲ್ಕು ಸಲ ಚಾಂಪಿಯನ್ ಆದದ್ದು ಅಂಗಡಿಯಲ್ಲಿ ಸಿಗುವ ಕಾರಿನ ಹತ್ತಿರದ ಸಂಬಂಧಿಯಲ್ಲೇ. ನನ್ನ ಲೆಕ್ಕದಲ್ಲಿ ಬೇರಿಗೆ ನಿಷ್ಠೆ ಅನ್ನುವ ಮಾತು ಸಲ್ಲುವ ಕೊನೆಯ ಸೆಡಾನ್ ಇವೊ 6.

ಈಗ ನಿಮ್ಮ ಭಾವನ ಎರಡು ಗಾಡಿಗೆ ಬನ್ನಿ. ಸುಬಾರು ಡಬ್ಲ್ಯುಆರ್‌ಸಿ ಬಿಟ್ಟದ್ದು 2008ರ ಡಿಸೆಂಬರಿನಲ್ಲಿ. ಅಂದರೆ 2018ರ ಎಸ್‌ಟಿಐ ಕೂಡ ಯಾವ ಡಬ್ಲ್ಯುಆರ್‌ಸಿ ಕಾರಿಗೂ ತಾಯಿಯಲ್ಲ. ಎರಡಕ್ಕೂ ಡಬ್ಲ್ಯುಆರ್‌ಸಿ ಜಾತಕ ಇಲ್ಲದಾಗ ಉಳಿಯುವುದು ಸಾಮಾನು ಮಾತ್ರ, ಅಡಿಯಲ್ಲಿ ಎಂತ ಉಂಟು ಅನ್ನುವುದು.

ಎಸ್‌ಟಿಐಯಲ್ಲಿ ಡಿಸಿಸಿಡಿ, ಅಂದರೆ ಕೈಯಿಂದಲೇ ಬಿಗಿ–ಸಡಿಲ ಮಾಡಬಹುದಾದ ಸೆಂಟರ್ ಡಿಫರೆನ್ಷಿಯಲ್ ಉಂಟು. 2018ರಿಂದ ಅದು ಪೂರ್ತಿ ಎಲೆಕ್ಟ್ರಾನಿಕ್. ಮುಂದೆ ಹೆಲಿಕಲ್, ಹಿಂದೆ ಟಾರ್ಸನ್, ಎರಡೂ ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಶಕ್ತಿ ಕೊಡುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಸ್ಟಿಯರಿಂಗ್ ಹೈಡ್ರಾಲಿಕ್. ಮುಂದಿನ ಬ್ರೆಂಬೊಗೆ ಆರು ಪಿಸ್ಟನ್. ಹೊಸ ಡಬ್ಲ್ಯುಆರ್‌ಎಕ್ಸ್ ಮ್ಯಾನ್ಯುಯಲಿನಲ್ಲಿ ಸೆಂಟರ್ ವಿಸ್ಕಸ್ ಕಪ್ಲಿಂಗ್ (ದಪ್ಪ ದ್ರವದಿಂದ ಬಿಗಿಯಾಗುವಂಥದ್ದು), ಮುಂದಕ್ಕೂ ಹಿಂದಕ್ಕೂ 50:50, ಮುಂದಿನ ಹಿಂದಿನ ಡಿಫರೆನ್ಷಿಯಲ್ ಎರಡೂ ಬಿಗಿಯಿಲ್ಲದ ಓಪನ್, ಜಾರುವ ಚಕ್ರವನ್ನು ಬ್ರೇಕ್ ಹಿಡಿದು ಸುಧಾರಿಸುತ್ತದೆ. ಸ್ಟಿಯರಿಂಗ್ ಎಲೆಕ್ಟ್ರಿಕ್. ಬ್ರೇಕಿನಿಂದ ಸುಧಾರಿಸುವ ವ್ಯವಸ್ಥೆ ಮಳೆಯ ಡಾಂಬರಿಗೆ ಧಾರಾಳ ಸಾಕು. ಜಲ್ಲಿಯಲ್ಲೋ ಮರಳಿನಲ್ಲೋ ಹತ್ತು ನಿಮಿಷ ಎಡೆಬಿಡದೆ ಎಳೆದರೆ ಪ್ಯಾಡ್ ಬಿಸಿಯಾಗುತ್ತದೆ, ಹೊರಬರುವ ಶಕ್ತಿಯೂ ಅಷ್ಟು ಕಡಿಮೆ.

ಪೆರ್ಲ_ಬಾಕ್ಸರ್

ಬದಿಯಡ್ಕದವರ ಇತಿಹಾಸ ಸರಿ, ಹೋಲಿಕೆ ತಪ್ಪು. ಹೊಸ ಡಬ್ಲ್ಯುಆರ್‌ಎಕ್ಸನ್ನು ಎಸ್‌ಟಿಐ ಪಕ್ಕ ನಿಲ್ಲಿಸಿದರೆ ತಮ್ಮನನ್ನು ಅಣ್ಣನ ಅಂಗಿಯಲ್ಲಿ ಅಳೆದ ಹಾಗೆ. ಅದರ ಅಜ್ಜ 1992ರ ಮಾಮೂಲಿ ಡಬ್ಲ್ಯುಆರ್‌ಎಕ್ಸ್. ಅದರಲ್ಲೂ ಸೆಂಟರ್ ವಿಸ್ಕಸ್ಸೇ, 50:50. ಡಿಸಿಸಿಡಿ ಬಂದದ್ದು 1994ರಲ್ಲಿ, ಟೈಪ್ ಆರ್‌ಎ ಎಸ್‌ಟಿಐಗೆ. ಅಜ್ಜನಿಗಿದ್ದು ಮೊಮ್ಮಗನಿಗೆ ಇಲ್ಲದ್ದು ಹಿಂದಿನ ಲಿಮಿಟೆಡ್ ಸ್ಲಿಪ್ ಒಂದು. ಅದನ್ನು ಕಿತ್ತದ್ದಕ್ಕೆ ನನಗೂ ಸಿಟ್ಟುಂಟು.

ಎಂಜಿನಿನ ಸ್ವಭಾವ ನೋಡಿದರೆ ಹೊಸದೇ ರ‍್ಯಾಲಿಗೆ ಹತ್ತಿರ. ಗ್ರೂಪ್ ಎ, ಡಬ್ಲ್ಯುಆರ್‌ಸಿ ಕಾರುಗಳ ಟರ್ಬೊ ಬಾಯಿಗೆ 1995ರಿಂದ 34 ಮಿ.ಮೀ. ರಿಸ್ಟ್ರಿಕ್ಟರ್ ಹಾಕುತ್ತಿದ್ದರು. ಅಷ್ಟು ಸಣ್ಣ ತೂತಿನಲ್ಲಿ ಮೇಲಿನ ಆರ್‌ಪಿಎಮ್‌ಗೆ ಗಾಳಿಯೇ ಸಾಲುವುದಿಲ್ಲ. ಹಾಗಾಗಿ ಎಂಜಿನನ್ನು ಕೆಳಗೆ, ನಡುವೆ ಎಳೆಯುವ ಹಾಗೆ ತಯಾರು ಮಾಡುತ್ತಿದ್ದರು. 2.4 ಲೀಟರಿನ ಎಫ್‌ಎ24 ಎಂಜಿನ್ 350 ನ್ಯೂಟನ್ ಮೀಟರನ್ನು 2,000ದಿಂದ 5,200ರವರೆಗೆ ಸಮತಟ್ಟಾಗಿ ಕೊಡುತ್ತದೆ. ಎಸ್‌ಟಿಐಯ ಇಜೆ257 ಎಂಜಿನ್ ಕಡಿಮೆ ಆರ್‌ಪಿಎಮ್‌ನಲ್ಲಿ ಮಲಗಿರುತ್ತದೆ, ಟರ್ಬೊ ತುಂಬಿದ ಮೇಲೆ ಒದೆಯುತ್ತದೆ. ಒದೆತ ಇಷ್ಟವಾಗುವುದು ಬೇರೆ ಮಾತು.

ಇನ್ನೊಂದು. ಇವತ್ತಿನ ರ‍್ಯಾಲಿ2 (ಡಬ್ಲ್ಯುಆರ್‌ಸಿಯ ಎರಡನೇ ದರ್ಜೆ) ಕಾರಿನಲ್ಲಿ ಸೆಂಟರ್ ಡಿಫರೆನ್ಷಿಯಲ್ಲೇ ಇಲ್ಲ! ಮುಂದಿನ ಹಿಂದಿನ ಆಕ್ಸಲ್ ನೇರ ಜೋಡಣೆ, ಹ್ಯಾಂಡ್‌ಬ್ರೇಕ್ ಎಳೆದಾಗ ಮಾತ್ರ ಹಿಂದಿನದು ಬಿಡುತ್ತದೆ. 2022ರಿಂದ ಬಂದ ಮೇಲಿನ ದರ್ಜೆಯ ರ‍್ಯಾಲಿ1ರಲ್ಲಂತೂ ಒಳಗೆ ಕೊಳವೆಯ ಚೌಕಟ್ಟು, ಮೇಲೆ ಅಂಗಡಿ ಕಾರಿನ ಮುಖವಾಡ. ನಮ್ಮಲ್ಲೂ ಸೆಡಾನಿನ ಕಾಲ ಮುಗಿದಿದೆ. ಚಾಲಕ ಗೌರವ್ ಗಿಲ್ ಪಕ್ಕ ಕೂತು ನಮ್ಮ ಮೊಗ್ರಾಲಿನ ಮೂಸಾ ಶರೀಫ್ ಪೇಸ್‌ನೋಟ್ (ದಾರಿಯ ತಿರುವುಗಳ ಟಿಪ್ಪಣಿ) ಓದಿದ್ದು ಮಹೀಂದ್ರಾದ ಎಸ್‌ಯುವಿಯಲ್ಲಿ. ರ‍್ಯಾಲಿಗೆಂದೇ ಹುಟ್ಟಿದ ಹೊಸ ಕಾರು ಬೇಕಾದರೆ ಟೊಯೊಟಾ ಜಿಆರ್ ಯಾರಿಸ್ ನೋಡಬೇಕು. 1.6 ಲೀಟರ್, ಮೂರು ಸಿಲಿಂಡರ್, ಮೂರು ಬಾಗಿಲು, ಕಾರ್ಬನ್ ಛಾವಣಿ. ಆದರೆ ಅದರ ಡಿಕ್ಕಿ ತೀರಾ ಸಣ್ಣದು, ಭಾವನಿಗೆ ಬೇಕಾದದ್ದು ಸೆಡಾನ್.

ಚಕ್ರದ ಮೇಲಿನ ಕಪ್ಪು ಪ್ಲಾಸ್ಟಿಕಿನಲ್ಲಿ ಷಟ್ಕೋನದ ಗೆರೆಗಳುಂಟಲ್ಲ, ಅವು ಗಾಳಿಯ ತಡೆ ಕಡಿಮೆ ಮಾಡುತ್ತವೆ ಅಂತ ಕಂಪನಿ ಹೇಳುತ್ತದೆ. ಇರಬಹುದು. ನೋಡಲಿಕ್ಕೆ ಚಂದ ಇಲ್ಲ.

ಮೊಗ್ರಾಲ್_ಸ್ಪ್ಯಾನರ್

ವಾದ ನಡೆಯಲಿ, ನಾನು ತಪಾಸಣೆಯ ವಿಷಯ ಹೇಳುತ್ತೇನೆ. ದುಡ್ಡು ಮುಳುಗುವುದು ಅಲ್ಲಿ.

ಅಮೆರಿಕನ್ ಸ್ಪೆಕ್ ಅಂದ ಕೂಡಲೇ ಚಾಸಿ ನಂಬರ್ ತೆಗೆದು ಅಮೆರಿಕದ ದಾಖಲೆ ತರಿಸಿ. ನಂಬರ್ ಜೆಎಫ್1 ಅಂತ ಶುರುವಾಗಬೇಕು. ಅಲ್ಲಿ ಅಪಘಾತವಾಗಿ ಇನ್ಶೂರೆನ್ಸಿನವರು ಬರೆದುಹಾಕಿದ ಗಾಡಿಗಳು ಗಲ್ಫಿಗೆ ಬಂದು ಬಣ್ಣ ಹೊಡೆಸಿಕೊಂಡು ನಿಲ್ಲುತ್ತವೆ. ದಾಖಲೆಯಲ್ಲಿ ಸಾಲ್ವೇಜ್ ಅಂತ ಕಂಡರೆ ಮುಂದಿನ ಸಾಲು ಓದುವ ಅಗತ್ಯವೂ ಇಲ್ಲ.

ಇನ್ನು ಇಜೆ257. ಇದರ ಹೆಸರು ಕೆಟ್ಟದ್ದು ಎರಡು ಕಾರಣಕ್ಕೆ. ಒಂದು, ಪಿಸ್ಟನ್ನಿನ ರಿಂಗ್ ಕೂರುವ ತೋಡಿನ ಅಂಚು ಒಡೆಯುವುದು. ಪಿಸ್ಟನ್ ಎರಕದ್ದು, ನಾಕಿಂಗ್, ಅಂದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುವುದನ್ನು ತಾಳಿಕೊಳ್ಳುವುದಿಲ್ಲ. ಹೆಚ್ಚಾಗಿ ಹೋಗುವುದು 4ನೇ ಸಿಲಿಂಡರ್, ಎಡಗಡೆ ಹಿಂದೆ, ಫೈರ್‌ವಾಲಿಗೆ ಅಂಟಿಕೊಂಡದ್ದು. ಎರಡು, ಆಯಿಲ್ ಹೀರುವ ಪಿಕಪ್ ಪೈಪು ಬೆಸುಗೆಯ ಹತ್ತಿರ ಸೀಳುವುದು. ಸೀಳಿದರೆ ಗಾಳಿ ಎಳೆಯುತ್ತದೆ, ಪ್ರೆಷರ್ ಬೀಳುತ್ತದೆ, ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗುತ್ತದೆ. ಆಮೇಲೆ ಬ್ಲಾಕ್ ಸಮೇತ ಖರ್ಚು.

ಹಾಗಾಗಿ ಟೆಸ್ಟ್ ಡ್ರೈವಿಗಿಂತ ಮೊದಲು ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ಮಾರುವವನು ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆ ಅನ್ನಿ. ಬಿಸಿಯಾದ ಮೇಲೂ ಆರ್‌ಪಿಎಮ್ ಜೊತೆಗೆ ಏರುವ ಟಕಟಕ ಸದ್ದು ಇದ್ದರೆ ಬೇರಿಂಗ್ ಅಂತಲೇ ತಿಳಿಯಿರಿ. ಆಮೇಲೆ ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರಿನ ಒಳಗಿನ ಒತ್ತಡ ಅಳೆಯುವುದು. ಎಂಜಿನ್ ಬಿಸಿಯಾಗಿರಬೇಕು, ನಾಲ್ಕೂ ಪ್ಲಗ್ ಹೊರಗೆ, ಫ್ಯೂಯೆಲ್ ಪಂಪಿನ ಫ್ಯೂಸ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡಬೇಕು. ಸಿಲಿಂಡರುಗಳು ಎರಡೂ ಬದಿಗೆ ಮಲಗಿರುವ ಈ ಬಾಕ್ಸರ್ ಎಂಜಿನಿನಲ್ಲಿ ಪ್ಲಗ್ ಪಕ್ಕಕ್ಕಿರುವುದರಿಂದ ಕೈ ಹೋಗುವುದು ಕಷ್ಟ, ಬ್ಯಾಟರಿಯನ್ನೂ ಕೆಲವು ಪೈಪುಗಳನ್ನೂ ಬಿಚ್ಚಬೇಕಾಗುತ್ತದೆ, ಅರ್ಧ ಗಂಟೆಯಲ್ಲಿ ಮುಗಿಸಿದೆ ಅಂದವನನ್ನು ನಂಬಬೇಡಿ. ನಾಲ್ಕು ಸಿಲಿಂಡರಿನ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಅಂಚು ಸ್ವಲ್ಪವೇ ಒಡೆದಿದ್ದರೆ ಕಂಪ್ರೆಷನ್ ಚೆನ್ನಾಗಿಯೇ ತೋರಿಸಬಹುದು, ಅದಕ್ಕೆ ಲೀಕ್‌ಡೌನ್ ಟೆಸ್ಟನ್ನೂ ಕೇಳಿ. ಗಾಳಿ ತುಂಬಿಸಿ ಆಯಿಲ್ ಹಾಕುವ ಬಾಯಿಗೆ ಕಿವಿ ಕೊಟ್ಟಾಗ ಜೋರಾಗಿ ಸುಯ್ ಅಂದರೆ ರಿಂಗ್ ಕಡೆ ಸೋರುತ್ತಿದೆ. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಆಕ್ಸೆಸ್‌ಪೋರ್ಟ್ (ಗಾಡಿಯ ಕಂಪ್ಯೂಟರ್ ಓದುವ ಸಾಧನ) ಇರುವವರು ಸಿಕ್ಕಿದರೆ ಚುಚ್ಚಿ ನೋಡಿ. ಡೈನಮಿಕ್ ಅಡ್ವಾನ್ಸ್ ಮಲ್ಟಿಪ್ಲೈಯರ್ 1.0 ಇರಬೇಕು. ಅದಕ್ಕಿಂತ ಕೆಳಗಿದ್ದರೆ ಇಸಿಯು, ಅಂದರೆ ಎಂಜಿನಿನ ಕಂಪ್ಯೂಟರ್, ನಾಕಿಂಗ್ ಕೇಳಿಸಿಕೊಂಡು ಟೈಮಿಂಗ್ ಹಿಂದೆ ಎಳೆದಿದೆ ಅಂತ ಅರ್ಥ. ಬ್ಯಾಟರಿ ತಂತಿ ಬಿಚ್ಚಿ ಹಾಕಿದರೆ ಕಲಿತದ್ದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಮೂವತ್ತು ನಲವತ್ತು ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಓದಿ.

ಟೈಮಿಂಗ್ ಬೆಲ್ಟ್ 105,000 ಮೈಲಿ ಅಥವಾ 105 ತಿಂಗಳು, ಯಾವುದು ಮೊದಲೋ ಅದು. 57,000 ಮೈಲಿ ಅಂತ ಸುಮ್ಮನಿರಬೇಡಿ, ಗಾಡಿ ರಸ್ತೆಗಿಳಿದ ದಿನದಿಂದ ತಿಂಗಳು ಎಣಿಸಿ. ಬೆಲ್ಟ್ ತುಂಡಾದರೆ ವಾಲ್ವ್ ಬಗ್ಗುತ್ತದೆ. ಬದಲಾಯಿಸುವಾಗ ಟೆನ್ಷನರ್, ಐಡ್ಲರ್, ವಾಟರ್ ಪಂಪ್ ಒಟ್ಟಿಗೆ.

ಹೊಸ ಎಫ್‌ಎ24ಕ್ಕೆ ಬೆಲ್ಟಿನ ತಲೆನೋವಿಲ್ಲ, ಚೈನು. ಡೈರೆಕ್ಟ್ ಇಂಜೆಕ್ಷನ್ ಆದ್ದರಿಂದ ಇನ್‌ಟೇಕ್ ವಾಲ್ವಿನ ಹಿಂದೆ ಕರಿ ಕೂರುತ್ತದೆ, ಯಾವತ್ತಾದರೂ ತೆಗೆಸಬೇಕಾದೀತು. ಆಯಿಲ್ ಎಪಿಐ ಎಸ್‌ಪಿ ದರ್ಜೆಯದ್ದೇ ಹಾಕಿ. 2,000 ಆರ್‌ಪಿಎಮ್‌ನಲ್ಲಿ ಆರನೇ ಗೇರಿನಲ್ಲಿ ಪೂರ್ತಿ ಒತ್ತಿ ಎಳೆಸಬೇಡಿ, ಆ ಕಡಿಮೆ ವೇಗದ ನಾಕಿಂಗ್ ಒಂದೇ ಏಟಿಗೆ ಪಿಸ್ಟನ್ ಮುರಿಯಬಹುದು.

ಎಲ್ಲದಕ್ಕಿಂತ ಮುಖ್ಯವಾದದ್ದು ಪೆಟ್ರೋಲ್. ಅಮೆರಿಕನ್ ಗಾಡಿಯ ಪೆಟ್ರೋಲ್ ಮುಚ್ಚಳದ ಹತ್ತಿರ ಆಕ್ಟೇನ್ 91 ಅಂತ ಬರೆದಿರುತ್ತದೆ. ಅದು ಅಮೆರಿಕದ ಎಕೆಐ ಲೆಕ್ಕ. ಯುಎಇ ಬಂಕಿನ ಇ-ಪ್ಲಸ್ 91 ಆರ್‌ಒಎನ್ ಅನ್ನುವ ಬೇರೆ ಆಕ್ಟೇನ್ ಲೆಕ್ಕ. ನಂಬರ್ ಒಂದೇ, ಪೆಟ್ರೋಲ್ ಬೇರೆ. ಅಮೆರಿಕದ 91 ಅಂದರೆ ಆರ್‌ಒಎನ್ ಲೆಕ್ಕದಲ್ಲಿ ಹೆಚ್ಚು ಕಡಿಮೆ 95–96. 45 ಡಿಗ್ರಿಯಲ್ಲಿ ಇ-ಪ್ಲಸ್ ತುಂಬಿಸಿ ಗಾಡಿ ಎಳೆಸಿದವನ 4ನೇ ಪಿಸ್ಟನ್ನಿನ ಆಯುಷ್ಯ ನೀವೇ ಹೇಳಿ. ಸೂಪರ್ 98 ಬಿಟ್ಟು ಬೇರೆ ಹಾಕಲೇಬಾರದು. ಹಿಂದಿನ ಮಾಲಿಕ ಎಂತ ಹಾಕುತ್ತಿದ್ದ ಅಂತ ಕೇಳಿ, ಉತ್ತರಕ್ಕೆ ತಡವರಿಸಿದರೆ ಅದೇ ಉತ್ತರ.

ಬದಿಯಡ್ಕ_4ಜಿ63

ಪೆಟ್ರೋಲಿನ ಮಾತು ಚಿನ್ನ. ಸೇರಿಸುವುದು ಇಷ್ಟೆ: ನಾಲ್ಕು ಟಯರ್ ಒಂದೇ ಕಂಪನಿ, ಒಂದೇ ಸವೆತ ಇರಬೇಕು. ಸುತ್ತಳತೆಯಲ್ಲಿ 6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಆದರೆ ಸೆಂಟರ್ ಡಿಫರೆನ್ಷಿಯಲ್ ಹಗಲೂ ರಾತ್ರಿ ತೇಯುತ್ತಲೇ ಇರುತ್ತದೆ. ಪರೀಕ್ಷೆ ಸುಲಭ. ಖಾಲಿ ಜಾಗದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿ. ಹೊಸ ಡಬ್ಲ್ಯುಆರ್‌ಎಕ್ಸ್ ಹಿಡಿದೆಳೆದ ಹಾಗೆ ಕುಪ್ಪಳಿಸಿದರೆ ವಿಸ್ಕಸ್ ಹೋಗಿದೆ ಅಥವಾ ಟಯರ್ ಹೊಂದುತ್ತಿಲ್ಲ. ಎಸ್‌ಟಿಐಯಲ್ಲಿ ಡಿಸಿಸಿಡಿಯನ್ನು ಮೊದಲು ಪೂರ್ತಿ ಸಡಿಲಕ್ಕೆ ಇಟ್ಟು ನೋಡಿ, ಲಾಕ್‌ನಲ್ಲಿದ್ದರೆ ಕುಪ್ಪಳಿಸುವುದು ಅದರ ಸಹಜ ಗುಣ.

ಪೆರ್ಲದವರಿಗೆ: ಅಜ್ಜನ ಮಾತು ಒಪ್ಪಿದೆ. ಆದರೆ ಆ ಅಜ್ಜನ ಮಕ್ಕಳೇ ಅಲ್ಲವಾ 1995ರಲ್ಲಿ ಕಾಲಿನ್ ಮೆಕ್ರೇಗೆ ಡಬ್ಲ್ಯುಆರ್‌ಸಿ ಕಿರೀಟ ಕೊಟ್ಟದ್ದು. ಈ ಮೊಮ್ಮಗ ಡಬ್ಲ್ಯುಆರ್‌ಸಿಯ ಯಾವ ಮದುವೆಗೂ ಹೋಗಿಲ್ಲ.

ಕುಂಬಳೆ_ಗೇರ್

ಇಷ್ಟೊಂದು ಮಾಹಿತಿಗೆ ತುಂಬಾ ಉಪಕಾರ. ಎರಡು ಸಣ್ಣ ಪ್ರಶ್ನೆ. ಹೊಸದರಲ್ಲಿ ಸಿವಿಟಿ (ಆಟೊಮ್ಯಾಟಿಕ್ ಗೇರು) ಗಾಡಿ ಸ್ವಲ್ಪ ಕಡಿಮೆಗೆ ಸಿಗುತ್ತದಂತೆ, ಅದು ಬೇಡವೇ ಬೇಡವಾ? ಮತ್ತೆ ಮುಂದೆ ಊರಿಗೆ ಬರುವಾಗ ಗಾಡಿಯನ್ನು ತರಲಿಕ್ಕೆ ಆಗುತ್ತದಾ?

ಪೆರ್ಲ_ಬಾಕ್ಸರ್

ತಮಾಷೆ ನೋಡಿ, ಕಾಗದದ ಮೇಲೆ ಸಿವಿಟಿ ಗಾಡಿಯ ಸೆಂಟರ್ ಡಿಫರೆನ್ಷಿಯಲ್ಲೇ ಒಳ್ಳೆಯದು. ಪ್ಲಾನೆಟರಿ ಗೇರಿನದ್ದು, 45:55, ಹಿಂದಕ್ಕೆ ಹೆಚ್ಚು ಬಲ. ಮ್ಯಾನ್ಯುಯಲಿಗೆ ಬಡ ವಿಸ್ಕಸ್. ಆದರೂ ಗೇರ್‌ಬಾಕ್ಸ್ ಆಯಿಲ್ ಬಿಸಿಯಾದರೆ ಸಿವಿಟಿ ತನ್ನನ್ನು ಕಾಪಾಡಿಕೊಳ್ಳಲು ಶಕ್ತಿ ಇಳಿಸುತ್ತದೆ, ಶಾರ್ಜಾದ ಜುಲೈಯಲ್ಲಿ ಅದು ಬೇಗ ಆಗುತ್ತದೆ. ದಿನಾ ಟ್ರಾಫಿಕ್ಕಿನಲ್ಲಿ ಓಡಿಸುವುದಾದರೆ ಸಿವಿಟಿ ತೊಂದರೆಯಿಲ್ಲ, ಮರಳಿಗೆ ಇಳಿಸುವ ಆಸೆ ಇದ್ದರೆ ಬೇಡ.

ಮೊಗ್ರಾಲ್_ಸ್ಪ್ಯಾನರ್

ಊರಿಗೆ ತರುವುದು ಮರೆತುಬಿಡಿ. ಹಳೆ ಗಾಡಿ ಆಮದು ಮಾಡಬೇಕಾದರೆ ಮೂರು ವರ್ಷಕ್ಕಿಂತ ಹಳತಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು. ಅಲ್ಲಿಯದ್ದು ಎಡಗಡೆ. ಬಿಚ್ಚಿ ಬಲಕ್ಕೆ ಹಾಕಿಸುತ್ತೇನೆ ಅನ್ನುವ ಮಾತೂ ನಡೆಯುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಅದರ ಮೇಲೆ 2019ರ ಸುಪ್ರೀಂ ಕೋರ್ಟ್ ತೀರ್ಪು. ಕೇರಳದ ಆರ್‌ಟಿಒದವರು ಅಲಾಯ್ ವೀಲನ್ನೂ ಸೈಲೆನ್ಸರನ್ನೂ ಬಿಡುವುದಿಲ್ಲ, ಸ್ಟಿಯರಿಂಗ್ ಬಿಡುತ್ತಾರಾ? ಮಾರುವುದು ಅಲ್ಲೇ, ಹಾಗಾಗಿ ಅಲ್ಲಿ ಮರುಮಾರಾಟಕ್ಕೆ ಯಾವುದು ಸುಲಭ ಅಂತ ಮೊದಲೇ ವಿಚಾರಿಸಿ.

ಕುಂಬಳೆ_ಗೇರ್

ಭಾವನಿಗೆ ಎಲ್ಲ ಕಳಿಸಿದೆ. ಎಸ್‌ಟಿಐ ಮೇಲೆ ಮನಸ್ಸು ಉಂಟು, ಲೀಕ್‌ಡೌನ್ ಮಾಡಿಸುತ್ತಾನಂತೆ. ರಿಪೋರ್ಟ್ ಬಂದರೆ ಇಲ್ಲೇ ಹಾಕುತ್ತೇನೆ.

ಮೊಗ್ರಾಲ್_ಸ್ಪ್ಯಾನರ್

ನಾಲ್ಕು ಸಿಲಿಂಡರಿನ ನಂಬರ್ ಬೇರೆ ಬೇರೆ ಹಾಕಿ, ಸರಾಸರಿ ಬೇಡ. ಗೇಜಿನ ಫೋಟೊ ಸಮೇತ.